ರೀಕಾಲ್ ಪತ್ರ ಹಳೇ ಓನರ್ ಮನೆಗೆ, ಕಾರು ನಮ್ಮ ಮನೆಯಲ್ಲಿ

ಸಂಪಾದಕರಿಗೆ ನಮಸ್ಕಾರ.

ಹೋದ ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ನಮ್ಮ ಕಾರು ನಡುರಸ್ತೆಯಲ್ಲೇ ಆಫ್ ಆಯಿತು. ಓಡಿಸುತ್ತಿದ್ದವಳು ನಾನು. ಪಕ್ಕದಲ್ಲಿ ಅತ್ತೆ, ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳು. ಹಾಸನದಿಂದ ಪುತ್ತೂರಿಗೆ ವಾಪಸ್ ಬರುತ್ತಿದ್ದೆವು, ಗುಂಡ್ಯ ಇನ್ನೂ ಸಿಕ್ಕಿರಲಿಲ್ಲ. ತಿರುವಿನಲ್ಲಿ ಕ್ಲಚ್ ಒತ್ತಿ ಗೇರ್ ಇಳಿಸುವಷ್ಟರಲ್ಲಿ ಎಂಜಿನ್ ಸದ್ದು ನಿಂತಿತು. ಡ್ಯಾಶ್‌ಬೋರ್ಡಿನ ಕೆಂಪು ದೀಪಗಳೆಲ್ಲ ಒಟ್ಟಿಗೇ ಹತ್ತಿಕೊಂಡವು. ಸ್ಟೇರಿಂಗ್ ಕಲ್ಲಿನ ಹಾಗೆ ಗಟ್ಟಿಯಾಯಿತು. ಬ್ರೇಕ್ ಎರಡು ಸಲ ಸರಿಯಾಗಿ ಹಿಡಿಯಿತು, ಮೂರನೇ ಸಲ ಪೆಡಲ್ ಮೇಲೆ ಎದ್ದು ನಿಂತ ಹಾಗೆ ಒತ್ತಬೇಕಾಯಿತು. ಹಿಂದೆ ಒಂದು ಟ್ಯಾಂಕರ್ ಇತ್ತು. ಅದರ ಡ್ರೈವರ್ ಹಾರ್ನ್ ಹೊಡೆಯುತ್ತಲೇ ಬಲಕ್ಕೆ ಎಳೆದುಕೊಂಡು ಹೋದರು. ಅವರು ಯಾರೋ ಗೊತ್ತಿಲ್ಲ, ಅವರ ಕೈ ಚುರುಕಾಗಿದ್ದರಿಂದ ನಾವು ಉಳಿದೆವು.

ಗಾಡಿಯನ್ನು ಎಳೆಸಿಕೊಂಡು ಉಪ್ಪಿನಂಗಡಿಯ ಗ್ಯಾರೇಜಿಗೆ ತಂದೆವು. ಮೆಕ್ಯಾನಿಕ್ ಹುಡುಗ ಸ್ವಲ್ಪ ಹೊತ್ತು ನೋಡಿ, "ಅಕ್ಕ, ಪೆಟ್ರೋಲ್ ಪಂಪು ಹೋಗಿದೆ. ಈ ಮಾಡೆಲ್‌ಗೆ ರೀಕಾಲ್ ಇತ್ತಲ್ಲ, ನೀವು ಮಾಡಿಸಿಲ್ವಾ?" ಅಂತ ಕೇಳಿದ. ದೋಷ ಇರುವ ಗಾಡಿಗಳನ್ನು ಕಂಪನಿಯೇ ಕರೆಸಿ ಬಿಟ್ಟಿಯಾಗಿ ಸರಿಮಾಡಿ ಕೊಡುವುದಕ್ಕೆ ರೀಕಾಲ್ ಅನ್ನುತ್ತಾರೆ. ಟ್ಯಾಂಕಿನೊಳಗೆ ಇರುವ ಈ ಪಂಪಿನಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಚಕ್ರ ಇರುತ್ತದೆ. ಅದು ದಿನ ಕಳೆದ ಹಾಗೆ ಉಬ್ಬುತ್ತದೆ. ಒಂದು ದಿನ ತಿರುಗುವುದನ್ನೇ ನಿಲ್ಲಿಸುತ್ತದೆ. ಕಂಪನಿಗೆ ಇದು ಗೊತ್ತಿತ್ತು. ಬಿಟ್ಟಿಯಾಗಿ ಬದಲಾಯಿಸಿ ಕೊಡುತ್ತೇವೆ ಅಂತ ಘೋಷಣೆ ಮಾಡಿ ನಾಲ್ಕು ವರ್ಷ ಆಗಿತ್ತು. ನಮಗೆ ಮಾತ್ರ ಗೊತ್ತಿರಲಿಲ್ಲ.

ಯಾಕೆ ಗೊತ್ತಾಗಲಿಲ್ಲ ಅನ್ನುವುದನ್ನು ಹೇಳುವುದಕ್ಕೇ ಈ ಪತ್ರ. ನಾವು ಈ ಕಾರಿನ ಮೂರನೇ ಓನರ್. ಮೊದಲು ಕೊಂಡವರು ಬೆಂಗಳೂರಿನವರು. ರೀಕಾಲ್ ಪತ್ರ, ಮೆಸೇಜು ಎಲ್ಲ ಶೋರೂಮಿನಲ್ಲಿ ಬರೆದಿಟ್ಟಿದ್ದ ಅವರ ವಿಳಾಸಕ್ಕೆ, ಅವರ ಫೋನಿಗೆ ಹೋಗಿದೆ. ಅವರು ಕಾರು ಮಾರಿ ಆಗಿತ್ತು, ಓದಿ ಸುಮ್ಮನಾಗಿರಬೇಕು. ಅವರ ತಪ್ಪು ಅಂತ ನಾನು ಹೇಳುವುದಿಲ್ಲ. ನಡುವಿನ ಬ್ರೋಕರ್ ಟೈರು ನೋಡಿದ, ಇನ್ಶೂರೆನ್ಸ್ ನೋಡಿದ, ಕಿಲೋಮೀಟರ್ ತೋರಿಸಿದ. ರೀಕಾಲ್ ಬಾಕಿ ಇದೆಯಾ ಅಂತ ಕೇಳಬೇಕು ಅನ್ನುವುದು ನಮಗೂ ಹೊಳೆಯಲಿಲ್ಲ.

ಆಮೇಲೆ ಶೋರೂಮಿಗೆ ಹೋದರೆ ಮೊದಲ ಮಾತೇ "ಮೇಡಂ, ನಮ್ಮ ಸಿಸ್ಟಮ್‌ನಲ್ಲಿ ನಿಮ್ಮ ಹೆಸರೇ ಇಲ್ಲ." ಹೆಸರು ಇಲ್ಲದಿದ್ದರೆ ಏನಂತೆ, ಕಾರಿನ ಮೈಮೇಲೆ ಕೊರೆದಿರುವ ಚಾಸಿ ನಂಬರ್ ಇದೆಯಲ್ಲ ಅಂತ ನಾನು ಹಟ ಹಿಡಿದೆ. ನಂಬರ್ ಹಾಕಿದ ತಕ್ಷಣ ಬಾಕಿ ಅಂತ ಬಂತು. ಪಾರ್ಟ್ ಬರುವುದಕ್ಕೆ ಮೂರು ವಾರ ಹಿಡಿಯಿತು. ಕೆಲಸ ಮುಗಿದದ್ದು ಎರಡೇ ಗಂಟೆಯಲ್ಲಿ. ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ. ಎರಡು ಗಂಟೆಯ ಬಿಟ್ಟಿ ಕೆಲಸಕ್ಕೆ ನಾಲ್ಕು ಜೀವ ಘಾಟಿಯಲ್ಲಿ ತೂಗಾಡಿದವಲ್ಲ ಅಂತ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ರೀಕಾಲ್ ಮಾಡುವ ಕಂಪನಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ತಪ್ಪನ್ನು ಒಪ್ಪಿಕೊಂಡು ಕರೆದು ಸರಿಮಾಡುವುದು ಒಳ್ಳೆಯದೇ. 2023ರ ಜನವರಿಯಲ್ಲಿ ಮಾರುತಿ ಸುಜುಕಿ, ಏರ್‌ಬ್ಯಾಗ್ ಯಾವಾಗ ಉಬ್ಬಬೇಕು ಅಂತ ಹೇಳುವ ಕಂಟ್ರೋಲರ್ ಬದಲಾಯಿಸುವುದಕ್ಕೆ 17,362 ಕಾರುಗಳನ್ನು ಕರೆಯಿತು. ಅದೇ ದೋಷಕ್ಕೆ ನಮ್ಮ ಬಿಡದಿಯ ಟೊಯೊಟಾದವರು 1,390 ಗ್ಲಾಂಜಾ ಮತ್ತು ಹೈರೈಡರ್ ಕಾರುಗಳನ್ನು ಕರೆದರು. ಪಾರ್ಟ್ ಬದಲಾಯಿಸುವ ತನಕ ಕಾರು ಓಡಿಸಬೇಡಿ ಅಂತ ಮಾರುತಿಯವರು, ಆದಷ್ಟು ಕಡಿಮೆ ಓಡಿಸಿ ಅಂತ ಟೊಯೊಟಾದವರು ಹೇಳಿದರು. ಅವೆಲ್ಲ ಒಂದೆರಡು ತಿಂಗಳ ಹಿಂದೆ ತಯಾರಾದ ಕಾರುಗಳು. ಕೊಂಡವರ ಕೈಯಲ್ಲೇ ಇದ್ದವು, ಫೋನ್ ನಂಬರ್ ಶೋರೂಮಿನಲ್ಲಿತ್ತು. ಹಾಗೆ ಇದ್ದಾಗ ಕಷ್ಟ ಇಲ್ಲ. ಕಾರು ಎರಡು ಕೈ ಬದಲಾದ ಮೇಲೆ ಕರೆಯುವವರು ಯಾರು?

ಟಕಾಟಾ ಏರ್‌ಬ್ಯಾಗಿನ ಕಥೆ ನೆನಪಿರಬಹುದು. ಜಪಾನಿನ ಆ ಕಂಪನಿಯ ಏರ್‌ಬ್ಯಾಗ್ ಉಬ್ಬಿಸುವುದಕ್ಕೆ ಅಮೋನಿಯಂ ನೈಟ್ರೇಟ್ ಗುಳಿಗೆ ಹಾಕುತ್ತಿದ್ದರು. ಸೆಖೆ ಮತ್ತು ಗಾಳಿಯ ತೇವ ಸೇರಿ ವರ್ಷಗಟ್ಟಲೆ ಆದ ಮೇಲೆ ಆ ಗುಳಿಗೆ ಹಾಳಾಗುತ್ತದೆ. ಅಪಘಾತ ಆದಾಗ ಅಳತೆ ಮೀರಿ ಸಿಡಿಯುತ್ತದೆ. ಕಾಪಾಡಬೇಕಾದ ಚೀಲದಿಂದಲೇ ಕಬ್ಬಿಣದ ಚೂರು ಮುಖಕ್ಕೆ, ಕುತ್ತಿಗೆಗೆ ಹೊಡೆಯುತ್ತದೆ. ಅಮೆರಿಕ ಒಂದರಲ್ಲೇ 25ಕ್ಕೂ ಜಾಸ್ತಿ ಜನ ಸತ್ತರು. ಅಲ್ಲಿ ಸುಮಾರು 6.7 ಕೋಟಿ ಏರ್‌ಬ್ಯಾಗ್ ಬದಲಾಯಿಸಬೇಕಾಯಿತು. ಟಕಾಟಾ 2017ರಲ್ಲಿ ದಿವಾಳಿ ಆಯಿತು. ನಮ್ಮ ದೇಶದಲ್ಲೂ ಹೋಂಡಾ, ಟೊಯೊಟಾ ಈ ಏರ್‌ಬ್ಯಾಗ್ ಇದ್ದ ಕಾರುಗಳನ್ನು ಕರೆದಿದ್ದವು. ಅಮೆರಿಕದಲ್ಲಿ ಫ್ಲೋರಿಡಾದಂಥ ಸೆಖೆ, ತೇವ ಜಾಸ್ತಿ ಇರುವ ಕಡೆಯ ಕಾರುಗಳಿಗೆ ಮೊದಲು ಆದ್ಯತೆ ಕೊಟ್ಟರು. ಇದನ್ನು ಓದಿದಾಗ ನನಗೆ ನಮ್ಮ ಕರಾವಳಿಯೇ ಕಣ್ಣಿಗೆ ಬಂತು. ಮಂಗಳೂರು, ಉಡುಪಿ, ಕಾರವಾರದಲ್ಲಿ ಸೆಖೆಗೂ ತೇವಕ್ಕೂ ಏನು ಕಡಿಮೆ? ಆ ಕಾಲದ ಕಾರುಗಳು ಇಲ್ಲಿಯ ಸಣ್ಣ ಊರುಗಳಲ್ಲಿ ಇನ್ನೂ ಓಡುತ್ತಿವೆ. ಅದರಲ್ಲಿ ಎಷ್ಟು ಕಾರಿಗೆ ಹೊಸ ಏರ್‌ಬ್ಯಾಗ್ ಕೂತಿದೆ?

ನಮ್ಮಲ್ಲಿ ಕಾನೂನು ಇದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಮಾಡಿ 110ಎ ಅನ್ನುವ ಕಲಂ ಸೇರಿಸಿದರು. ದೋಷ ಇರುವ ವಾಹನವನ್ನು ವಾಪಸ್ ಕರೆಸಿ ಅಂತ ಸರ್ಕಾರವೇ ಕಂಪನಿಗೆ ಆದೇಶ ಕೊಡಬಹುದು. ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದವು. 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡವೂ ಇದೆ. ಆದರೆ ಈ ಕಡ್ಡಾಯ ಏಳು ವರ್ಷದೊಳಗಿನ ವಾಹನಕ್ಕೆ ಮಾತ್ರ. ಅದಕ್ಕಿಂತ ಹಳೆಯದಾದರೆ ಕಂಪನಿ ತಾನಾಗಿ ಕರೆಯಬೇಕು. ಟಕಾಟಾದಂಥ ದೋಷ ಕಾರು ಹಳೆಯದಾದಷ್ಟೂ ಜಾಸ್ತಿ ಆಗುವಂಥದ್ದು. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವ ನಮ್ಮಂಥವರ ಕೈಗೆ ಗಾಡಿ ಬರುವುದೇ ಐದಾರು ವರ್ಷ ಕಳೆದ ಮೇಲೆ. ಯಾರಿಗೆ ಕಾನೂನು ಜಾಸ್ತಿ ಬೇಕೋ ಅವರನ್ನೇ ಅದು ಹೊರಗೆ ಬಿಟ್ಟಿದೆ. ಈ ಏಳು ವರ್ಷದ ಮಿತಿಯನ್ನು ತೆಗೆಯಲೇಬೇಕು.

ಇನ್ನೊಂದು ಕೆಲಸಕ್ಕೆ ಕಾನೂನು ತಿದ್ದುವವರೆಗೆ ಕಾಯಬೇಕಾಗಿಲ್ಲ. ಯಾವ ಕಾರು ಈಗ ಯಾರ ಹೆಸರಿನಲ್ಲಿದೆ ಅನ್ನುವುದು ಆರ್‌ಟಿಒಗೆ ಗೊತ್ತು. ಗಾಡಿಗಳ ನೋಂದಣಿಗೆ ಸರ್ಕಾರ ಇಟ್ಟಿರುವ ವಾಹನ್ ಪೋರ್ಟಲ್‌ನಲ್ಲಿ ನಮ್ಮ ಫೋನ್ ನಂಬರೂ ಇದೆ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಸ್ಪೀಡ್ ಜಾಸ್ತಿ ಆದರೆ ಕ್ಯಾಮೆರಾ ಹಿಡಿದು ದಂಡದ ಮೆಸೇಜ್ ಮೂರನೇ ಓನರಿಗೂ ಬರುತ್ತದೆ. ಯಾವ ಚಾಸಿ ನಂಬರಿನಲ್ಲಿ ದೋಷ ಇದೆ ಅನ್ನುವುದು ಕಂಪನಿಗೆ ಗೊತ್ತು. ಈ ಎರಡು ಪಟ್ಟಿಯನ್ನು ಸೇರಿಸಿದರೆ ದಂಡದ ಮೆಸೇಜ್ ಬಂದ ಫೋನಿಗೇ ರೀಕಾಲ್ ಮೆಸೇಜೂ ಬರುತ್ತದೆ, ಅಲ್ವಾ? ಅಮೆರಿಕದಲ್ಲಿ ಕಂಪನಿಗಳು ರಾಜ್ಯಗಳ ನೋಂದಣಿ ದಾಖಲೆಯಿಂದಲೇ ಈಗಿನ ಮಾಲೀಕರ ವಿಳಾಸ ತೆಗೆದು ಪತ್ರ ಹಾಕುತ್ತವೆ. ಯಾವ ಕಂಪನಿಯ ಕಾರಾದರೂ ಸರಿ, ಅಲ್ಲಿಯ ಸರ್ಕಾರದ ಒಂದೇ ವೆಬ್‌ಸೈಟಿನಲ್ಲಿ ನಂಬರ್ ಹಾಕಿ ನೋಡಬಹುದು. ಜಪಾನಿನಲ್ಲಿ 2018ರ ಮೇ ತಿಂಗಳಿಂದ, ಅಪಾಯ ಜಾಸ್ತಿ ಇರುವ ಟಕಾಟಾ ಏರ್‌ಬ್ಯಾಗ್ ಬದಲಾಯಿಸದ ಕಾರಿಗೆ ತಪಾಸಣೆಯಲ್ಲಿ ಪಾಸ್ ಕೊಡುವುದನ್ನೇ ನಿಲ್ಲಿಸಿದರು. ನಮ್ಮಲ್ಲಿ ಅಷ್ಟು ಬಿಗಿ ಬೇಡ. ಎಮಿಷನ್ ಟೆಸ್ಟ್ ಮಾಡಿಸುವಾಗ ಗಾಡಿ ನಂಬರ್ ಕಂಪ್ಯೂಟರಿಗೆ ಹಾಕುತ್ತಾರಲ್ಲ, ಆಗ ಆ ಚೀಟಿಯ ಕೆಳಗೆ "ರೀಕಾಲ್ ಬಾಕಿ ಇದೆ" ಅಂತ ಒಂದು ಸಾಲು ಬಂದರೂ ಸಾಕು. ಆರ್‌ಸಿ ಹೆಸರು ಬದಲಾಯಿಸುವಾಗಲೂ ಅದೇ ಸಾಲು ಬರಲಿ. ಕೊಳ್ಳುವವರಿಗೆ ಅಲ್ಲೇ ಗೊತ್ತಾಗುತ್ತದೆ.

ಜನರ ಮನಸ್ಸಿನಲ್ಲಿರುವ ಹೆದರಿಕೆಯೂ ಹೋಗಬೇಕು. ಪತ್ರಿಕೆಗಳಲ್ಲಿ "ಕಾರು ಹಿಂಪಡೆದ ಕಂಪನಿ" ಅಂತ ಬರೆಯುತ್ತೀರಿ. ನಮ್ಮ ಮಾವ ಅದನ್ನು ಓದಿ, "ಹಿಂಪಡೆಯುವುದು ಅಂದರೆ ಕಾರು ವಾಪಸ್ ತಗೊಂಡು ಹೋಗ್ತಾರಾ?" ಅಂತ ಕೇಳಿದರು. ಹಾಗೆ ತಿಳಿದುಕೊಂಡವರು ಅವರೊಬ್ಬರೇ ಅಲ್ಲ. ರೀಕಾಲ್ ಆದ ಗಾಡಿ ಅಂತ ಗೊತ್ತಾದರೆ ಮಾರುವಾಗ ರೇಟ್ ಬಿದ್ದುಹೋಗುತ್ತದೆ ಅಂತ ಮುಚ್ಚಿಡುವವರೂ ಇದ್ದಾರೆ. "ಬಿಟ್ಟಿಯಾಗಿ ಸರಿಮಾಡಿ ಕೊಡುತ್ತಾರೆ" ಅಂತ ಹೆಡ್ಡಿಂಗಿನಲ್ಲೇ ದಯವಿಟ್ಟು ಬರೆಯಿರಿ.

ಘಾಟಿಯ ಘಟನೆ ಆದ ಮೇಲೆ ಒಂದು ಭಾನುವಾರ ನಮ್ಮ ಓಣಿಯ ಹನ್ನೊಂದು ಕಾರುಗಳ ನಂಬರನ್ನು ನಾವೇ ನೋಡಿದೆವು. ಚಾಸಿ ನಂಬರಿನಲ್ಲಿ 17 ಅಕ್ಷರ, ಅಂಕಿ ಇರುತ್ತವೆ. ಆರ್‌ಸಿ ಕಾರ್ಡಿನಲ್ಲಿ ಎಷ್ಟು ಸಣ್ಣದಾಗಿ ಅಚ್ಚಾಗಿದೆ ಅಂದರೆ ಮಾವನ ಕನ್ನಡಕ ಇಟ್ಟುಕೊಂಡು ಓದಬೇಕಾಯಿತು. ಒಬ್ಬರ ಕಾರ್ಡು ಸವೆದೇ ಹೋಗಿತ್ತು, ಅವರ ಕಾರಿನ ಸೀಟು ಹಿಂದೆ ಸರಿಸಿ, ಕೆಳಗಿನ ಮ್ಯಾಟ್ ಎತ್ತಿ, ಕೆಸರು ಒರೆಸಿ ಓದಿದೆವು. ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಈ ನಂಬರಿನಲ್ಲಿ ಬಳಸುವುದಿಲ್ಲ. ಗುಂಡಗೆ ಕಂಡರೆ ಅದು ಸೊನ್ನೆಯೇ. ಆಮೇಲೆ ಆಯಾ ಕಂಪನಿಯ ವೆಬ್‌ಸೈಟಿನಲ್ಲಿ ಒಂದೊಂದಾಗಿ ಹಾಕಿದೆವು. ಎರಡು ಕಾರಿಗೆ ಬಾಕಿ ಅಂತ ಬಂತು. ಅದರಲ್ಲಿ ಒಂದು ಬಾಡಿಗೆಗೆ ಓಡುವ ಗಾಡಿ. ಆ ಅಣ್ಣ ಅದರಲ್ಲೇ ದಿನಾ ಶಾಲೆ ಮಕ್ಕಳನ್ನು ಬಿಟ್ಟು ಬರುತ್ತಾರೆ.

ಕೊನೆಯದಾಗಿ ನಿಮ್ಮನ್ನೇ ಒಂದು ಕೇಳಿಕೊಳ್ಳುತ್ತೇನೆ. ರೀಕಾಲ್ ಸುದ್ದಿ ಈಗ ವಾಣಿಜ್ಯ ಪುಟದ ಯಾವುದೋ ಮೂಲೆಯಲ್ಲಿ ಬರುತ್ತದೆ. ಆ ಪುಟವನ್ನು ನಮ್ಮೂರಿನಲ್ಲಿ ಓದುವವರು ಕಡಿಮೆ. ಅಡಿಕೆ ಧಾರಣೆಯನ್ನು ಮಾತ್ರ ನೋಡದೆ ಯಾರೂ ಪೇಪರ್ ಮಡಚುವುದಿಲ್ಲ. ಅದರ ಪಕ್ಕದಲ್ಲಿ ಒಂದು ಸಣ್ಣ ಬಾಕ್ಸ್ ಹಾಕಿ: ಯಾವ ಕಾರು, ಯಾವ ವರ್ಷದ್ದು, ಏನು ದೋಷ, ಎಲ್ಲಿಗೆ ಫೋನ್ ಮಾಡಬೇಕು.

ಇತಿ,
ನಿಮ್ಮ ಪತ್ರಿಕೆಯ ಓದುಗಿ
ಪುತ್ತೂರು, ದಕ್ಷಿಣ ಕನ್ನಡ