ಇಪ್ಪತ್ತು ಹೆಸರು ಬಾಯಿಪಾಠ ಬೇಡ

ಪ್ರೀತಿಯ ಪುಟ್ಟಿ,

ನಿನ್ನ ಮೆಸೇಜು ನೋಡಿದೆ. ಪರೀಕ್ಷೆಗೆ ಪ್ರಾಚೀನ ಪರ್ಷಿಯಾ ಓದುತ್ತಾ 20 ಪ್ರಾಂತ್ಯಗಳ ಹೆಸರು ಉರು ಹೊಡೆದು ತಲೆ ಕೆಟ್ಟುಹೋಗಿದೆ ಅಂದೆಯಲ್ಲ, ಆ ಪಟ್ಟಿ ಪಕ್ಕಕ್ಕಿಡು ಮಾರಾಯ್ತಿ. ಅದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಕೊಟ್ಟ ಲೆಕ್ಕ. ಇರಾನಿನ ಬೆಹಿಸ್ತೂನ್ ಬಂಡೆ ಮೇಲೆ ಪರ್ಷಿಯಾದ ರಾಜ ಡೇರಿಯಸ್ ಕೆತ್ತಿಸಿದ ಪಟ್ಟಿಯಲ್ಲಿ 23 ನಾಡುಗಳಿವೆ. ಎರಡಕ್ಕೂ ತಾಳೆಯೇ ಆಗುವುದಿಲ್ಲ, ಸುಮ್ನೆ ಯಾಕೆ ಒದ್ದಾಡ್ತೀಯ?

ಅದರ ಬದಲು ಹೆರೊಡೋಟಸನೇ ಹೇಳುವ ಈ ಕಥೆ ಕೇಳು. ಡೇರಿಯಸ್ ಕ್ರಿ.ಪೂ. 522ರಲ್ಲಿ ಪಟ್ಟಕ್ಕೆ ಬಂದಾಗ ಎಲ್ಲೆಲ್ಲೂ ದಂಗೆ. ಇವತ್ತಿನ ಟರ್ಕಿಯ ಪಶ್ಚಿಮಕ್ಕಿರುವ ಸಾರ್ಡಿಸ್‌ನಲ್ಲಿ ಓರೋಯಿಟಿಸ್ ಅಂತ ಒಬ್ಬ ಸತ್ರಪ, ಅಂದರೆ ಪ್ರಾಂತ್ಯದ ಆಡಳಿತಗಾರ. ರಾಜನ ದೂತನನ್ನೇ ದಾರಿಯಲ್ಲಿ ಕೊಲ್ಲಿಸಿದ್ದ, ಸುತ್ತ 1,000 ಪರ್ಷಿಯನ್ ಕಾವಲಿನವರು ಬೇರೆ. ಡೇರಿಯಸ್ ದಂಡು ಕಳಿಸಲಿಲ್ಲ. ಅವನ ಕಡೆಯ ಬಗಾಯಸ್ ಅನ್ನುವವನು ಒಂದಷ್ಟು ಪತ್ರ ಬರೆದು, ರಾಜಮುದ್ರೆ ಒತ್ತಿ ತೆಗೆದುಕೊಂಡು ಹೋದ. ಸತ್ರಪನ ಪಕ್ಕದಲ್ಲಿ ರಾಜನ ಕಡೆಯ ಗುಮಾಸ್ತ ಇರುತ್ತಿದ್ದ, ಅವನು ಒಂದೊಂದೇ ಪತ್ರ ಓದಿದ. ಕಾವಲಿನವರು ಆ ಪತ್ರಗಳಿಗೆ ತೋರಿಸುವ ಮರ್ಯಾದೆ ನೋಡಿಕೊಂಡು ಬಗಾಯಸ್ ಇನ್ನೊಂದು ಕೊಟ್ಟ: ಇವನಿಗೆ ಇನ್ನು ಕಾವಲು ಬೇಡ. ಈಟಿ ಕೆಳಗಿಟ್ಟರು! ಕೊನೆಯ ಪತ್ರದಲ್ಲಿ ಇದ್ದದ್ದು, ಇವನನ್ನು ಕೊಲ್ಲಿ ಅಂತ. ಅಲ್ಲೇ ಕತ್ತಿ ಹಿರಿದು ಮುಗಿಸಿದರು.

ಆ ಕಾವಲಿನವರು ಯಾರ ಆಳುಗಳು ಅಂತ ಈಗ ಗೊತ್ತಾಯ್ತು ಅಲ್ವಾ? ತೆರಿಗೆ ವಸೂಲಿ, ನ್ಯಾಯ ಸತ್ರಪನ ಕೈಲಿ. ಆದರೆ ಕೋಟೆಯ ದಳಪತಿ ನೇರ ರಾಜನಿಗೆ ಉತ್ತರ ಕೊಡಬೇಕಿತ್ತು ಅಂತ ಗ್ರೀಕ್ ಲೇಖಕ ಕ್ಸೆನೊಫೋನ್ ಬರೆಯುತ್ತಾನೆ. ತನಿಖೆಗೆ ಬರುವವನಿಗೆ 'ರಾಜನ ಕಣ್ಣು' ಅಂತಲೇ ಹೆಸರು. ಸುದ್ದಿ ಬೇಗ ಮುಟ್ಟಲಿ ಅಂತ ಸಾರ್ಡಿಸ್‌ನಿಂದ ರಾಜಧಾನಿ ಸೂಸಾಕ್ಕೆ ರಾಜಮಾರ್ಗ, ಅದರಲ್ಲಿ 111 ತಂಗುದಾಣ. ನಡೆದರೆ 90 ದಿನದ ದಾರಿ, ಅಂಚೆ ಸವಾರರು ಕುದುರೆ ಬದಲಿಸುತ್ತಾ ಅದಕ್ಕಿಂತ ಎಷ್ಟೋ ಬೇಗ ಮುಟ್ಟುತ್ತಿದ್ದರು. ಮುದ್ರೆ ಇರುವ ಚೀಟಿ ತೋರಿಸಿದರೆ ಪ್ರಯಾಣಿಕರಿಗೆ ದಾರಿಯಲ್ಲಿ ಹಿಟ್ಟು, ಬಿಯರು ಸಿಗುತ್ತಿತ್ತು. ಅದರ ಲೆಕ್ಕದ ಮಣ್ಣಿನ ಹಲಗೆಗಳು ಪರ್ಸಿಪೊಲಿಸ್‌ನಲ್ಲಿ ನೂರಾರು ಸಿಕ್ಕಿವೆ. (ನಮ್ಮ ಟಿ.ಎ. ಬಿಲ್ಲು ನೆನಪಾಯಿತು ನೋಡು.)

ಸೈನ್ಯದ್ದು ಜಾಸ್ತಿ ಏನಿಲ್ಲ: 10, 100, 1,000, 10,000ರ ಗುಂಪು, ಪ್ರತಿ ಗುಂಪಿಗೂ ಒಬ್ಬ ನಾಯಕ. ಆಯ್ದ ಒಂದು ದಳದಲ್ಲಿ ಒಬ್ಬ ಸತ್ತರೆ ಇನ್ನೊಬ್ಬ ಬಂದು 10,000 ತುಂಬುತ್ತಿದ್ದದ್ದರಿಂದ ಅದಕ್ಕೆ 'ಅಮರರು' ಎಂಬ ಹೆಸರು.

ಸತ್ರಪನ ಕೈಗೆ ದಂಡು ಸಿಗದಂತೆ ನೋಡಿಕೊಂಡ ಈ ಏರ್ಪಾಡು ಸಡಿಲವಾದಾಗ ಏನಾಯಿತು ಅನ್ನುವುದನ್ನೂ ಬರೆ. ಡೇರಿಯಸ್ ಕಾಲದ ಎಷ್ಟೋ ವರ್ಷದ ಮೇಲೆ, ಆಗಿನ ರಾಜನ ತಮ್ಮ ಕಿರಿಯ ಸೈರಸ್ ಕೈಲಿ ನಾಡೂ ಇತ್ತು, ದಂಡೂ ಇತ್ತು. ಕ್ರಿ.ಪೂ. 401ರಲ್ಲಿ ಗ್ರೀಕ್ ಬಾಡಿಗೆ ಸೈನಿಕರನ್ನು ಕಟ್ಟಿಕೊಂಡು ಅಣ್ಣನ ಮೇಲೇ ಏರಿ ಹೋದ, ಕ್ಯುನಾಕ್ಸಾ ಯುದ್ಧದಲ್ಲಿ ಸತ್ತ.

ಇಷ್ಟನ್ನು ಎರಡು ಪುಟದಲ್ಲಿ ಬರೆದು ಫೋಟೋ ತೆಗೆದು ಕಳಿಸು. ರಿಟೈರ್ ಆದರೂ ಕೆಂಪು ಪೆನ್ನು ಇನ್ನೂ ನನ್ನ ಹತ್ತಿರವೇ ಇದೆ.

ನಿನ್ನ ಮಾವ