ಮಾವನ ಬಣ್ಣ, ಅಳಿಯನ ಹೆಸರು

ಚಿ. ಅನಿರುದ್ಧನಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿಮ್ಮಮ್ಮ ಫೋನ್ ಮಾಡಿ ಎಲ್ಲ ಹೇಳಿದಳು. ಮಠದ ಸಭಾಂಗಣದಲ್ಲಿ ಹಿರಿಯ ಸ್ವಾಮಿಗಳ ಚಿತ್ರ ಅನಾವರಣವಾಯಿತಂತೆ, ಹಾರ ತುರಾಯಿ ಎಲ್ಲ ನಿಮ್ಮ ಮಾವನವರಿಗೆ ಸಂದಿತಂತೆ. ಚಿತ್ರದ ಕಾವಿ ಬಟ್ಟೆಯ ನೆರಿಗೆ, ಎರಡೂ ಕೈ, ಪೀಠ ನೀನೇ ಬರೆದದ್ದಾದರೂ ನಿನ್ನ ಹೆಸರನ್ನು ಯಾರೂ ಎತ್ತಲಿಲ್ಲವಂತೆ. ಸ್ಟುಡಿಯೊ ಬಿಟ್ಟು ಬೆಂಗಳೂರಿಗೆ ಹೋಗಿ ಗೇಮಿಂಗ್ ಕಂಪನಿ ಸೇರುತ್ತೇನೆ ಅಂತ ಹಟ ಹಿಡಿದಿದ್ದೀಯಂತೆ. ಸೇರು ಅಂತಲೂ ಬೇಡ ಅಂತಲೂ ನಾನು ಹೇಳುವುದಿಲ್ಲ. ಆದರೆ ಸಿಟ್ಟಿನಲ್ಲಿ ಮನೆ ಬಿಟ್ಟವನು ಆಮೇಲೆ ಹಬ್ಬಕ್ಕೂ ಆ ಮನೆಗೆ ಬರಲಾರ. ಫೋನಿನಲ್ಲಾದರೆ ನೀನು ‘ಹೂಂ ದೊಡ್ಡಮ್ಮ’ ಅಂತ ಜಾರಿಕೊಳ್ಳುತ್ತೀಯ, ಅದಕ್ಕೇ ಈ ಕಾಗದ.

ನಾನು ಇಷ್ಟು ವರ್ಷ ಹುಡುಗರಿಗೆ ಕಲೆಯ ಇತಿಹಾಸ ಪಾಠ ಮಾಡಿದವಳು. ಸ್ಪೇನಿನ ವೆಲಾಸ್ಕೆಸ್ ಬಂದರೆ ಎಲ್ಲರೂ ಅವನ ಕುಂಚದ ಬಗ್ಗೆ ಮಾತಾಡುತ್ತಾರೆ. ಅವನ ಮನೆಯ ವ್ಯವಹಾರದ ಬಗ್ಗೆ ಕೇಳುವವರು ಕಡಿಮೆ. ಅಲ್ಲಿಯದೂ ಮಾವ-ಅಳಿಯಂದಿರ ಕಥೆಯೇ, ಅದೂ ಎರಡು ಸಲ.

ಅವನು ಹುಟ್ಟಿದ್ದು 1599ರಲ್ಲಿ, ಸೆವಿಲ್ ಪಟ್ಟಣದಲ್ಲಿ. ಹನ್ನೊಂದು-ಹನ್ನೆರಡರ ವಯಸ್ಸಿಗೇ ಫ್ರಾನ್ಸಿಸ್ಕೊ ಪಚೇಕೊ ಎಂಬ ಚಿತ್ರಕಾರನ ಮನೆ ಸೇರಿದ. ಆರು ವರ್ಷದ ಕರಾರು, ಊಟ ಬಟ್ಟೆ ವಸತಿ ಗುರುವಿನದು. 1617ರಲ್ಲಿ ಚಿತ್ರಕಾರರ ಸಂಘದ ಪರೀಕ್ಷೆ ಪಾಸು ಮಾಡಿದ, ಮರುವರ್ಷ ಗುರುವಿನ ಮಗಳು ಹುವಾನಾಳನ್ನೇ ಮದುವೆಯಾದ. ಪಚೇಕೊ ದೊಡ್ಡ ಕಲಾವಿದನೇನಲ್ಲ, ಅವನ ಚಿತ್ರಗಳು ಸ್ವಲ್ಪ ಒಣಕಲು. ಆದರೆ ವಿದ್ವಾಂಸ, ಕವಿಗಳು ಬಂದು ಕೂರುವ ಮನೆ ಅವನದು. ಹುಡುಗನ ನಡತೆ, ಪ್ರತಿಭೆ ನೋಡಿ ಮಗಳನ್ನು ಕೊಟ್ಟೆ ಅಂತ ತನ್ನ ಪುಸ್ತಕದಲ್ಲಿ ಹೆಮ್ಮೆಯಿಂದ ಬರೆದುಕೊಂಡಿದ್ದಾನೆ. ಅದರ ಹಿಂದೆಯೇ ಇನ್ನೊಂದು ಮಾತಿದೆ, ಅದನ್ನು ನೀನು ಗಮನಿಸಬೇಕು. ಇವನನ್ನು ತಯಾರು ಮಾಡಿದ್ದು ತಾನು ಅಂತ ಬೇರೆ ಯಾರೋ ಹೇಳಿಕೊಂಡು ತಿರುಗುತ್ತಿದ್ದನಂತೆ. ಅದಕ್ಕೆ ಮುದುಕ ಕೆರಳಿ, ಮಾವ ಅನ್ನಿಸಿಕೊಳ್ಳುವುದಕ್ಕಿಂತ ಗುರು ಅನ್ನಿಸಿಕೊಳ್ಳುವ ಗೌರವ ದೊಡ್ಡದು, ನನ್ನ ಕೊನೆಗಾಲದ ಕಿರೀಟವನ್ನು ಕಿತ್ತುಕೊಳ್ಳಲು ಯಾರಿಗೂ ಬಿಡುವುದಿಲ್ಲ ಎಂಬರ್ಥದಲ್ಲಿ ಬರೆದಿದ್ದಾನೆ. ಅಳಿಯ ಆ ಹೊತ್ತಿಗೆ ರಾಜನ ಚಿತ್ರಕಾರ, ಮಾವನನ್ನು ಎಂದೋ ಮೀರಿ ಹೋಗಿದ್ದವನು. ಹೆಸರಿನ ಸಂಕಟ ಎಳೆಯರಿಗೆ ಮಾತ್ರ ಅಂದುಕೊಂಡಿದ್ದೆಯಾ? ನಿಮ್ಮ ಮಾವನವರಿಗೆ ಎಪ್ಪತ್ತು ದಾಟಿದೆ, ಕೈ ನಡುಗುತ್ತದೆ ಅಂತ ನೀನೇ ಹೇಳಿದ್ದೆ. ಕೈಯನ್ನು ನಿನ್ನಿಂದ ಬರೆಸಿದ್ದು ಯಾಕೆ ಅಂತ ಯೋಚನೆ ಮಾಡಿದೆಯಾ?

ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ, 1623ರ ಅಕ್ಟೋಬರಿನಲ್ಲಿ, ವೆಲಾಸ್ಕೆಸ್ ಮ್ಯಾಡ್ರಿಡ್ ಅರಮನೆ ಸೇರಿದ. ತಿಂಗಳಿಗೆ 20 ಡುಕಾಟ್ ಸಂಬಳ, ರಾಜ ನಾಲ್ಕನೇ ಫಿಲಿಪ್‌ಗೆ ಆಗ ಬರೀ ಹದಿನೆಂಟು. ಮುಂದೆ ದಿನಭತ್ಯೆ ಕೊಟ್ಟದ್ದು 12 ರಿಯಾಲ್, ಅರಮನೆಯ ಕ್ಷೌರಿಕನಿಗೆ ಎಷ್ಟೋ ಅಷ್ಟೇ. ಬಟ್ಟೆಗೆ ವರ್ಷಕ್ಕೆ 90 ಡುಕಾಟ್, ಅದು ಕುಬ್ಜರಿಗೂ ವಿದೂಷಕರಿಗೂ ಕೊಡುತ್ತಿದ್ದ ದರ. ಇವತ್ತು ಜನ ಸರದಿ ನಿಂತು ನೋಡುವ ಆ ಮನುಷ್ಯನ ಸ್ಥಾನ ಸಂಬಳದ ಪಟ್ಟಿಯಲ್ಲಿ ಇದ್ದದ್ದು ಅಲ್ಲಿ.

ಈಗ ನಿನ್ನ ಕಥೆಗೆ ಬರೋಣ. ವೆಲಾಸ್ಕೆಸನ ಮಗಳು ಫ್ರಾನ್ಸಿಸ್ಕಾಳನ್ನು 1633ರಲ್ಲಿ ಅವನ ಶಿಷ್ಯನೇ ಆದ ಹುವಾನ್ ಬಾಟಿಸ್ಟಾ ಮಾಸೊಗೆ ಕೊಟ್ಟರು. ಹುಡುಗಿಗೆ ಹದಿನಾಲ್ಕು ವರ್ಷ. ವರದಕ್ಷಿಣೆ ಏನು ಗೊತ್ತೇ? ರಾಜನ ಕೋಣೆಯ ದ್ವಾರದಲ್ಲಿ ನಿಲ್ಲುವ ಹುದ್ದೆ. 1627ರಲ್ಲಿ ಉಳಿದ ಆಸ್ಥಾನ ಚಿತ್ರಕಾರರನ್ನು ಸ್ಪರ್ಧೆಯಲ್ಲಿ ಸೋಲಿಸಿ ಮಾವ ಗಳಿಸಿದ್ದು ಅದು. ರಾಜನ ಅಪ್ಪಣೆ ಪಡೆದು ಅದನ್ನು ಅಳಿಯನಿಗೆ ವರ್ಗಾಯಿಸಿದ. ಮಾಸೊಗೆ ಅನ್ನದ ದಾರಿಯಾಯಿತು, ಅದರ ಜೊತೆಗೇ ಮಾವನ ನೆರಳೂ ಬಂತು. ಆ ನೆರಳಿನಲ್ಲಿ ಅವನು ಇಪ್ಪತ್ತೇಳು ವರ್ಷ ಕೆಲಸ ಮಾಡಿದ. ರಾಜಕುಟುಂಬದ ಚಿತ್ರಗಳ ಪ್ರತಿ ತೆಗೆಯುವುದು, ರೂಬೆನ್ಸ್ ಮೊದಲಾದವರ ಚಿತ್ರಗಳ ನಕಲು ಮಾಡುವುದು. ವೆಲಾಸ್ಕೆಸ್ ರಾಜಕುಮಾರಿಯನ್ನೂ ಅವಳ ಸಖಿಯರನ್ನೂ ಬರೆದ ‘ಲಾಸ್ ಮೆನಿನಾಸ್’ ಚಿತ್ರದ ಹಿಂಬದಿ ಗೋಡೆಯಲ್ಲಿ ಮಬ್ಬುಗತ್ತಲಲ್ಲಿ ಎರಡು ದೊಡ್ಡ ಚಿತ್ರಗಳು ಕಾಣುತ್ತವಲ್ಲ, ಅವು ಮಾಸೊ ಮಾಡಿದ ಪ್ರತಿಗಳು. ಪ್ರಪಂಚದ ಅತಿ ಪ್ರಸಿದ್ಧ ಚಿತ್ರದೊಳಗೆ ಅಳಿಯ ಇದ್ದಾನೆ, ಆದರೆ ಯಾರೂ ಅವನನ್ನು ನೋಡುವುದಿಲ್ಲ.

ಇನ್ನೊಂದು ಕೇಳು. ಒಬ್ಬ ನೌಕಾಧಿಪತಿಯ ಚಿತ್ರದ ಬಗ್ಗೆ ಹಳೆಯ ಕಥೆಯಿದೆ. ರಾಜ ಕತ್ತಲ ಮೂಲೆಯಲ್ಲಿದ್ದ ಆ ಚಿತ್ರವನ್ನೇ ನಿಜವಾದ ಮನುಷ್ಯ ಅಂದುಕೊಂಡು, ‘ಇನ್ನೂ ಇಲ್ಲೇ ಇದ್ದೀಯಾ, ಹೊರಡಲಿಲ್ಲವಾ’ ಅಂತ ಗದರಿದನಂತೆ. ವೆಲಾಸ್ಕೆಸನ ಕೈಚಳಕಕ್ಕೆ ಸಾಕ್ಷಿಯಾಗಿ ಹೇಳುತ್ತಿದ್ದ ಕಥೆ ಇದು. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಆ ನೌಕಾಧಿಪತಿಯ ಚಿತ್ರದ ಮೇಲೆ ವೆಲಾಸ್ಕೆಸನ ರುಜುವೂ ಇದೆ. ಈಗ ಅದೇ ಗ್ಯಾಲರಿ ಅದನ್ನು ಮಾಸೊನ ಚಿತ್ರ ಅನ್ನುತ್ತದೆ.

ಇಷ್ಟು ಓದಿ ‘ನೋಡಿ ದೊಡ್ಡಮ್ಮ, ನಾನು ಹೇಳಿದ್ದೂ ಇದೇ’ ಅನ್ನಬೇಡ. ಮಾಸೊ ಸುಮ್ಮನೆ ಕೂರಲಿಲ್ಲ. 1647ರಲ್ಲಿ ಸಾರಗೋಸಾ ಪಟ್ಟಣವನ್ನು ನದಿಯಾಚೆಯಿಂದ ನೋಡಿದಂತೆ ಬರೆದ. ಅದರ ಮೇಲೆಯೇ ಲ್ಯಾಟಿನ್ನಿನಲ್ಲಿ ತನ್ನ ಹೆಸರು, ಇಸವಿ ಹಾಕಿದ. ಭೂದೃಶ್ಯ ಮಾವನ ಮುಖ್ಯ ಕ್ಷೇತ್ರ ಅಲ್ಲ, ಅಲ್ಲಿ ಜಾಗ ಖಾಲಿಯಿತ್ತು. ಆಮೇಲೆ ಪಂಡಿತರು ಆ ಚಿತ್ರದ ಮನುಷ್ಯರನ್ನೆಲ್ಲ ಮಾವನೇ ಬರೆದಿರಬೇಕು ಅಂತ ಬಹಳ ಕಾಲ ವಾದಿಸಿದರು, ಅದು ಬೇರೆ ಮಾತು. 1660ರಲ್ಲಿ ಮಾವ ತೀರಿಕೊಂಡ ಮರುವರ್ಷ ಆಸ್ಥಾನ ಚಿತ್ರಕಾರನ ಪದವಿ ಅವನಿಗೆ ಬಂತು. 1666ರಲ್ಲಿ ಶೋಕದ ಉಡುಪಿನಲ್ಲಿ ಕೂತ ರಾಣಿ ಮರಿಯಾನಾಳನ್ನು ಬರೆದು ರುಜು ಹಾಕಿದ. ಮರುವರ್ಷ ಅವನೂ ಹೋದ.

ಅವನ ಚಿತ್ರಗಳಲ್ಲಿ ನನಗೆ ಇಷ್ಟವಾದದ್ದು ವಿಯೆನ್ನಾದಲ್ಲಿರುವ ಅವನ ಸ್ವಂತ ಸಂಸಾರದ ಚಿತ್ರ. ಫ್ರಾನ್ಸಿಸ್ಕಾ ಹೋಗಿಬಿಟ್ಟಿದ್ದಳು. ಅವಳ ದೊಡ್ಡ ಮಕ್ಕಳು ಒಂದು ಕಡೆ, ಎರಡನೇ ಹೆಂಡತಿ ಮತ್ತು ಚಿಕ್ಕ ಮಕ್ಕಳು ಇನ್ನೊಂದು ಕಡೆ, ಗೋಡೆಯ ಮೇಲೆ ರಾಜ ಫಿಲಿಪ್. ಹಿಂದಿನ ಕೋಣೆಯಲ್ಲಿ ಒಬ್ಬ ಚಿತ್ರಕಾರ ನಮಗೆ ಬೆನ್ನು ಹಾಕಿ ರಾಜಕುಮಾರಿಯ ಚಿತ್ರ ಬರೆಯುತ್ತಿದ್ದಾನೆ. ಅವನು ಮಾವನೋ ಅಳಿಯನೋ ಅಂತ ವಿದ್ವಾಂಸರು ಇನ್ನೂ ಜಗಳವಾಡುತ್ತಾರೆ. ‘ಲಾಸ್ ಮೆನಿನಾಸ್’ ಇಲ್ಲದಿದ್ದರೆ ಈ ಚಿತ್ರ ಹುಟ್ಟುತ್ತಿರಲಿಲ್ಲ, ನಿಜ. ಆದರೆ ವೆಲಾಸ್ಕೆಸ್ ಬರೆದದ್ದು ರಾಜನ ಮನೆಯನ್ನು, ಮಾಸೊ ಬರೆದದ್ದು ತನ್ನ ಮನೆಯನ್ನು. ನೀನು ಮೇಘನಾಳನ್ನು, ಮಗುವನ್ನು, ಆ ಸ್ಟುಡಿಯೊವನ್ನು ಒಂದು ಸಲವಾದರೂ ಬರೆದಿದ್ದೀಯಾ? ಅದನ್ನು ಯಾರೂ ಆರ್ಡರ್ ಕೊಡುವುದಿಲ್ಲ. ಹಾಗಾಗಿ ಅದರ ಮೇಲೆ ಬೇರೆ ಯಾರ ರುಜುವೂ ಬೀಳುವುದಿಲ್ಲ.

ಒಂದು ಮಾತು ನಿನಗೆ ಸಿಟ್ಟು ತರಿಸಬಹುದು, ಆದರೂ ಹೇಳುತ್ತೇನೆ. ಆ ಮನೆಯಲ್ಲಿ ಮಾಸೊಗಿಂತ ಕೆಳಗೆ ಇನ್ನೊಬ್ಬನಿದ್ದ, ಹುವಾನ್ ದೆ ಪರೇಹ. ಅವನು ಗುಲಾಮ. ವೆಲಾಸ್ಕೆಸ್ ರೋಮಿಗೆ ಹೋದಾಗ ಅವನ ಚಿತ್ರ ಬರೆದು 1650ರಲ್ಲಿ ಪ್ಯಾಂಥಿಯನ್‌ನಲ್ಲಿ ಪ್ರದರ್ಶನಕ್ಕಿಟ್ಟ, ಊರೆಲ್ಲ ಕೊಂಡಾಡಿತು. ಅದೇ ವರ್ಷ ನವೆಂಬರಿನಲ್ಲಿ ಬಿಡುಗಡೆಯ ಪತ್ರಕ್ಕೂ ರುಜು ಹಾಕಿದ, ಆದರೆ ಇನ್ನೂ ನಾಲ್ಕು ವರ್ಷ ಸೇವೆ ಮಾಡಬೇಕು ಎಂಬ ಷರತ್ತಿನ ಮೇಲೆ. ಈ ಷರತ್ತನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ವೆಲಾಸ್ಕೆಸ್ ಹೋದ ಮರುವರ್ಷ, 1661ರಲ್ಲಿ, ಪರೇಹ ಸಂತ ಮ್ಯಾಥ್ಯೂವನ್ನು ಯೇಸು ಕರೆಯುವ ದೊಡ್ಡ ಚಿತ್ರ ಬರೆದ. ಅದರ ಎಡ ತುದಿಯಲ್ಲಿ ತಾನೇ ನಿಂತಿದ್ದಾನೆ, ಕೈಯಲ್ಲಿ ಒಂದು ಚೀಟಿ. ಚೀಟಿಯಲ್ಲಿರುವುದು ಅವನ ಹೆಸರು. ಪ್ರಾಡೊ ಸಂಗ್ರಹಾಲಯದಲ್ಲಿದೆ.

ನಿಮ್ಮ ಸ್ಟುಡಿಯೊದಲ್ಲಿ ಕ್ಯಾನ್ವಾಸ್ ಬಿಗಿದು, ಪ್ರೈಮರ್ ಹಚ್ಚಿ, ಉಜ್ಜಿ ಕೊಡುವ ಹುಡುಗ ಇದ್ದಾನಲ್ಲ, ಹೋದ ದಸರೆಗೆ ನನಗೆ ಟೀ ತಂದುಕೊಟ್ಟವನು. ಸ್ವಾಮಿಗಳ ಪೀಠದ ಚಿನ್ನದ ಕೆಲಸ ಅವನೂ ಮಾಡಿದ್ದಾನೆ ಅಂತ ಮೇಘನಾ ಹೇಳಿದಳು. ನಿಮ್ಮಮ್ಮನ ಹತ್ತಿರ ಅಷ್ಟು ಹೊತ್ತು ಮಾತಾಡಿದೆಯಲ್ಲ, ಅವನ ಹೆಸರು ಒಂದು ಸಲವೂ ಬರಲಿಲ್ಲವಂತೆ.

ದುಡ್ಡಿನ ವಿಷಯವನ್ನೂ ಇತ್ಯರ್ಥ ಮಾಡಿಕೋ, ಸಂಕೋಚ ಬೇಡ. ವೆಲಾಸ್ಕೆಸನಿಗೆ ಸಾಂಟಿಯಾಗೊ ಪದವಿ, ಅಂದರೆ ಕುಲೀನರಿಗೆ ಮಾತ್ರ ಸಿಗುತ್ತಿದ್ದ ನೈಟ್ ಪದವಿ, ಕೊಡುವ ಮುಂಚೆ 148 ಸಾಕ್ಷಿಗಳನ್ನು ವಿಚಾರಿಸಿದರು. ಇವನು ಎಂದೂ ದುಡ್ಡಿಗಾಗಿ ಚಿತ್ರ ಬರೆದವನಲ್ಲ, ಅಂಗಡಿ ಇಟ್ಟವನಲ್ಲ ಅಂತ ಸ್ನೇಹಿತರು ಪ್ರಮಾಣ ಮಾಡಿದರು. ಪ್ರೀತಿಯಿಂದ ಹೇಳಿದ ಸುಳ್ಳು. ಪದವಿ ಬಂದ ಮರುವರ್ಷವೇ, ರಾಜಕುಮಾರಿಯ ಮದುವೆಗೆ ಗಡಿಯ ದ್ವೀಪದಲ್ಲಿ ವಸತಿ, ಅಲಂಕಾರದ ಏರ್ಪಾಡು ಮಾಡಿ ದಣಿದು ಬಂದವನು, ಆಗಸ್ಟ್ 6ರಂದು ಸತ್ತ. ಎಂಟು ದಿನಕ್ಕೆ ಹುವಾನಾಳೂ ಹೋದಳು. ಅರಮನೆ ಅವನ ಕೋಣೆಗೆ ಬೀಗ ಹಾಕಿ ಲೆಕ್ಕ ಕೇಳಿತು. ಬಾಕಿ ಯಾರದು ಎಷ್ಟು ಅಂತ ತೀರ್ಮಾನವಾಗಲು ವರ್ಷಗಳು ಹಿಡಿದವು. ಓಡಾಡಬೇಕಾದವನು ಅಳಿಯ.

ಆದ್ದರಿಂದ ಭಾನುವಾರ ಊಟವಾದ ಮೇಲೆ ಮಾವನವರ ಹತ್ತಿರ ಕೂತುಕೋ. ಮೇಘನಾಳೂ ಇರಲಿ, ಆರ್ಡರಿನ ಲೆಕ್ಕ ಬರೆಯುವವಳು ಅವಳೇ. ಇಬ್ಬರ ಕೈ ಬಿದ್ದ ಚಿತ್ರಕ್ಕೆ ಇಬ್ಬರ ರುಜು, ನೀನೊಬ್ಬನೇ ಬರೆದದ್ದಕ್ಕೆ ನಿನ್ನದು ಮಾತ್ರ, ಪಾಲು ಎಷ್ಟು, ಹುಡುಗನಿಗೆ ಎಷ್ಟು, ಎಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಅವರು ‘ಮನೆಯವರಲ್ಲಿ ಕಾಗದ ಯಾಕಪ್ಪ’ ಅಂದರೆ ದೊಡ್ಡಮ್ಮ ಹೇಳಿದರು ಅನ್ನು, ಬೈಗುಳ ನನಗಿರಲಿ. ಅದಾದ ಮೇಲೂ ಬೆಂಗಳೂರಿಗೆ ಹೋಗಬೇಕು ಅನ್ನಿಸಿದರೆ ಹೋಗು, ನಾನೇ ನಿಮ್ಮಮ್ಮನಿಗೆ ಹೇಳುತ್ತೇನೆ. ಹಾಳೆಯ ಕರಡನ್ನು ಮೊದಲು ನನಗೆ ವಾಟ್ಸಾಪ್ ಮಾಡು, ಕನ್ನಡಕ ಹಾಕಿಕೊಂಡು ಓದಿ ತಿದ್ದಿ ಕಳಿಸುತ್ತೇನೆ.

ಮಗುವಿಗೆ ಮುತ್ತು.

ಇಂತಿ,
ನಿನ್ನ ದೊಡ್ಡಮ್ಮ