ಆ ರಾತ್ರಿ ಜೊತೆಗಿದ್ದ ಅಕ್ಕನಿಗೆ, ಮತ್ತು ನಿಮಗೆಲ್ಲ

ಮುಂಬಯಿಯ ಬಸ್ತಿಗಳಲ್ಲಿ, ಅಂದರೆ ಕೂಲಿಯವರ ಕೇರಿಗಳಲ್ಲಿ, ಯಾರಿಗೆ ಏನು ಬೇಕು ಅನ್ನುವುದನ್ನು ಆ್ಯಪ್ ಮೂಲಕ ಇಲ್ಲಿನ ಸಂಘ, ಟ್ರಸ್ಟುಗಳಿಗೆ ಮುಟ್ಟಿಸುವ ನಮ್ಮ ಜಾಲಕ್ಕೆ ಈ ದಸರಾಕ್ಕೆ ಒಂದು ವರ್ಷ ತುಂಬಿತು. ಹೇಗೆ ಶುರುವಾಯಿತು, ಎಲ್ಲೆಲ್ಲಿ ನಿಂತುಹೋಗುವ ಹಾಗಾಯಿತು, ದುಡ್ಡಿಗೆ ಏನು ಮಾಡಿದೆವು ಅನ್ನುವುದೆಲ್ಲ ನಿಮಗೆ ಗೊತ್ತೇ ಇದೆ. ನಿಮ್ಮಲ್ಲಿ ಅರ್ಧ ಜನ ಅದರೊಳಗೇ ಇದ್ದವರು. ಅದನ್ನೆಲ್ಲ ಮತ್ತೆ ಹೇಳುವುದಿಲ್ಲ. ಮಳೆಗಾಲ ಮುಗಿದಿದೆ, ಸ್ವಲ್ಪ ಬಿಡುವು ಸಿಕ್ಕಿದೆ. ಥ್ಯಾಂಕ್ಸ್ ಹೇಳಬೇಕಾದವರಿಗೆ ಈಗಲೇ ಹೇಳಿಬಿಡುತ್ತೇನೆ.

ಮೊದಲು ಸಂಘಗಳಿಗೆ. ಮುಂಬಯಿಯಲ್ಲಿ ಕನ್ನಡ ನಾಡಿನವರು ಸಂಘ ಕಟ್ಟಿದ್ದು ಇವತ್ತು ನಿನ್ನೆಯ ಮಾತಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ ಶುರುವಾದದ್ದು 1902ರಲ್ಲಿ. ಮಾತುಂಗಾದ ಮೈಸೂರು ಅಸೋಸಿಯೇಷನ್ 1926ರದ್ದು. ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಕನ್ನಡ ಓದಿ ಮೇಲೆ ಬಂದವರ ಊರು ಇದು. ಕೊಡುವ ಮನಸ್ಸಿಗೆ ಇಲ್ಲಿ ಯಾವತ್ತೂ ಬರ ಇರಲಿಲ್ಲ. ಆದರೆ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು ಎಲ್ಲಿದ್ದಾರೆ, ಅವರಿಗೆ ಈ ವಾರ ಏನು ಬೇಕು ಅನ್ನುವುದು ನಮ್ಮ ಹಾಲ್‌ಗಳವರೆಗೆ ತಲುಪುತ್ತಲೇ ಇರಲಿಲ್ಲ. ಹಾಲ್‌ನಿಂದ ನಡೆದು ಹೋಗುವಷ್ಟು ದೂರದ ಬಸ್ತಿಯ ಸುದ್ದಿ ಕೂಡ. ಬಹಳ ವರ್ಷ ನನ್ನನ್ನು ಕೊರೆದ ವಿಷಯ ಇದು. ನಮ್ಮ ಜಾಲದಲ್ಲಿ ಸಂಘದ ಹೆಸರು ಹಾಕಿ, ‘ನಾವು ನೋಡಿಕೊಳ್ಳುತ್ತೇವೆ’ ಅನ್ನುವ ಬಟನ್ ಒತ್ತಿದ ಪ್ರತಿಯೊಬ್ಬ ಕಾರ್ಯದರ್ಶಿಗೂ ನಾನು ಋಣಿ.

ಟ್ರಸ್ಟುಗಳ ನೋಂದಣಿ, ಆದಾಯ ತೆರಿಗೆ ವಿನಾಯಿತಿಯ 12ಎ, 80ಜಿ ಕಾಗದ, ಸೇವಾ ಸಂಸ್ಥೆಗಳಿಗೆ ಸರ್ಕಾರ ಕೊಡುವ ದರ್ಪಣ್ ನಂಬರು ಎಲ್ಲವನ್ನೂ ಒಂದೊಂದಾಗಿ ನೋಡಿಕೊಟ್ಟ ವಕೀಲರಿಗೆ, ಪುಣೆಯಲ್ಲಿ ಕೂತು ಆ್ಯಪ್ ಬರೆದುಕೊಟ್ಟ ಹುಡುಗರಿಗೆ, ಕೇಳಿದಾಗೆಲ್ಲ ಉಪ್ಪಿಟ್ಟು, ಖಿಚಡಿ ಮಾಡಿ ಕಳಿಸಿದ ಹೋಟೆಲಿನವರಿಗೆ, ಟೆಂಪೊ ಕೊಟ್ಟವರಿಗೆ, ಮನೆ ಪೂರ್ತಿ ನೋಡಿಕೊಂಡ ನಮ್ಮ ಅತ್ತೆಗೆ ಮನಸಾರೆ ವಂದನೆ.

ಇನ್ನು ಅಕ್ಕ.

ಹೆಸರು ಹಾಕಬೇಡಿ ಅಂತ ಅವರೇ ಹೇಳಿದ್ದಾರೆ. ಅದಕ್ಕೆ ಇಲ್ಲಿ ಅಕ್ಕ ಅಂತಷ್ಟೇ ಬರೆಯುತ್ತೇನೆ. ಯಾದಗಿರಿ ಕಡೆಯವರು. ಮಿಠಿ ನದಿಯ ದಂಡೆಯಲ್ಲಿ, ಕುರ್ಲಾ ಕಡೆಯ ಒಂದು ಬಸ್ತಿಯಲ್ಲಿ ಮನೆ. ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ನಮ್ಮ ಜಾಲದಲ್ಲಿ ಬಸ್ತಿಯಿಂದ ಏನೇ ಬೇಡಿಕೆ ಬಂದರೂ ಅಲ್ಲಿಯವರೇ ಒಬ್ಬರು ಹೋಗಿ ನೋಡಿ ಖಾತ್ರಿ ಮಾಡಬೇಕು. ಆಮೇಲೆಯೇ ಅದು ಸಂಘಗಳಿಗೆ ಕಾಣುತ್ತದೆ. ಆ ಬಸ್ತಿಯಲ್ಲಿ ಖಾತ್ರಿ ಮಾಡುವವರು ಅಕ್ಕ.

2025ರ ಆಗಸ್ಟ್ 19ರ ಮಳೆ ನಿಮಗೆ ನೆನಪಿದೆ ಅಲ್ವಾ. ಮಿಠಿ 3.9 ಮೀಟರ್ ಮುಟ್ಟಿತು. ಕುರ್ಲಾದ ಕ್ರಾಂತಿನಗರದ ಜನರನ್ನು ಮನೆಗಳಿಂದ ಎಬ್ಬಿಸಿ ಕರೆದೊಯ್ದರು. ಹಾರ್ಬರ್ ಲೈನಿನ ಲೋಕಲ್ ರೈಲು ನಿಂತಿತು. ಸಂಜೆ ಚೆಂಬೂರಿನ ಮೈಸೂರು ಕಾಲೋನಿ ಹತ್ತಿರ ಮೊನೊರೈಲ್ ಜನರ ಸಮೇತ ಸಿಕ್ಕಿಹಾಕಿಕೊಂಡಿತು. ನನ್ನ ಆಫೀಸು ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ. ಚೆಂಬೂರಿನ ಮನೆಗೆ ಹೋಗುವ ದಾರಿ ಇರಲಿಲ್ಲ. ಅಕ್ಕನ ಬಸ್ತಿಯವರನ್ನು ಒಂದು ಶಾಲೆಯಲ್ಲಿ ಇಟ್ಟಿದ್ದರು. ನಡೆದುಕೊಂಡೇ ಅಲ್ಲಿಗೆ ಹೋದೆ.

ಶಾಲೆ ಮುಟ್ಟುವ ಹೊತ್ತಿಗೆ ಆ್ಯಪ್‌ನಲ್ಲಿ ಬೇಡಿಕೆಗಳು ರಾಶಿ ಬಿದ್ದಿದ್ದವು. ಒಂದೇ ಮನೆಯ ಬೇಡಿಕೆ ನಾಲ್ಕು ಜನರಿಂದ ಬಂದಿತ್ತು. ಬಿಸ್ಕತ್ತು, ಬಾಳೆಹಣ್ಣು ಬೇಕಾದ್ದಕ್ಕಿಂತ ಜಾಸ್ತಿ ಬಂದು ಬಿದ್ದಿತ್ತು. ಒಣಗಿದ ಸೀರೆ, ಪ್ಯಾಡು, ಬಿಪಿ ಮಾತ್ರೆ, ಕೂಸಿನ ಹಾಲಿನ ಪುಡಿ ಯಾರೂ ತಂದಿರಲಿಲ್ಲ. ಯಾರಿಗೆ ಏನು ಸಿಕ್ಕಿಲ್ಲ ಅಂತ ಫೋನ್ ನೋಡಿ ತಿಳಿಯುವ ಹಾಗೇ ಇರಲಿಲ್ಲ.

ಅಕ್ಕನ ಕೈಯಲ್ಲಿ ಮಗಳ ಲೆಕ್ಕದ ನೋಟುಬುಕ್ಕು ಇತ್ತು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದು. ಅಕ್ಕನಿಗೆ ಓದು ಬರಹ ಅಷ್ಟಾಗಿ ಬರುವುದಿಲ್ಲ. ಪುಟಕ್ಕೊಂದು ಗಲ್ಲಿ. ಮನೆಗೊಂದು ಗೆರೆ. ಬಾಣಂತಿ ಇದ್ದರೆ ಗೆರೆಯ ಪಕ್ಕ ಒಂದು ಸೊನ್ನೆ. ಸಕ್ಕರೆ ಕಾಯಿಲೆಯವರಿದ್ದರೆ ಗುಣಾಕಾರದ ಗುರುತು. ನಡೆಯಲಾಗದ ವಯಸ್ಸಾದವರಿದ್ದರೆ ಅಡ್ಡಗೆರೆ. ಸಾಮಾನು ಮುಟ್ಟಿದ ಮೇಲೆ ಆ ಮನೆಯವರ ಕೈಯಲ್ಲೇ ಪೆನ್ನು ಕೊಟ್ಟು ಒಂದು ಚುಕ್ಕೆ ಇಡಿಸುತ್ತಿದ್ದರು. ಅವರ ಮನೆಯ ಗೆರೆಯೂ ಅದರಲ್ಲಿತ್ತು, ತನ್ನ ಸರದಿಯಲ್ಲೇ. ಮೊದಲೂ ಅಲ್ಲ, ಕೊನೆಯೂ ಅಲ್ಲ. ಊರಿಂದ ತಂದಿಟ್ಟ ಜೋಳದ ಚೀಲ ನೀರಲ್ಲಿ ನೆನೆದು ಹಾಳಾಗಿತ್ತು ಅಂತ ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ.

ರಾತ್ರಿ ಹೊತ್ತು ಏರಿದ ಹಾಗೆ ನನಗೆ ತಡೆಯಲಾಗಲಿಲ್ಲ. ಹಾಲಿನ ಪುಡಿ ತರುತ್ತಿದ್ದ ಟೆಂಪೊ ಸಾಯನ್ ಹತ್ತಿರ ನೀರಲ್ಲಿ ನಿಂತುಬಿಟ್ಟಿತ್ತು. ಶಾಲೆಯಲ್ಲಿದ್ದ ಒಬ್ಬ ತಾಯಿಗೆ ಜ್ವರ, ಅವಳ ಕೂಸು ಅಳುತ್ತಲೇ ಇತ್ತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದು ಇದೇ ಮಿಠಿ ಊರಿಗೆ ನುಗ್ಗಿತ್ತು. ಇಪ್ಪತ್ತು ವರ್ಷ ಆಯಿತು. ಇವತ್ತೂ ಅದೇ ನದಿ, ಅದೇ ದಂಡೆ, ಅದೇ ಜನ ಮಕ್ಕಳನ್ನು ಹೆಗಲ ಮೇಲೆ ಹೊತ್ತುಕೊಂಡು ಓಡಬೇಕು. ನಾವು ಮಾಡಿದ ಆ್ಯಪ್ ಏನು ಮಾಡೀತು? ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಮಕ್ಕಳೆಲ್ಲ ನೋಡುತ್ತಿದ್ದರು. ನಿಲ್ಲಿಸೋಕೆ ಆಗಲಿಲ್ಲ.

ಅಕ್ಕ ಬಂದು ಪಕ್ಕದಲ್ಲಿ ಕೂತರು. ಸಮಾಧಾನದ ಮಾತು ಏನೂ ಆಡಲಿಲ್ಲ. “ಅಳೂದಿದ್ರ ನಾಳಿ ಅತ್ರಾತು, ಯವ್ವಾ. ಈಗ ಯಾರಿಗಿ ಫೋನ್ ಹಚ್ಚೂದೈತಿ, ಹೇಳ್ರಿ” ಅಂದರು.

ಫೋನ್ ಹಚ್ಚಿದೆವು. ಅಕ್ಕ ಗುರುತು ನೋಡಿ ಹೇಳುವುದು, ನಾನು ಟೈಪ್ ಮಾಡುವುದು. ಒಂದೇ ಬೇಡಿಕೆ ನಾಲ್ಕು ಸಲ ಬಂದದ್ದನ್ನೆಲ್ಲ ತೆಗೆದೆವು. ಹತ್ತಿರದ ಮೆಡಿಕಲ್‌ನವರು ಮಲಗಿದ್ದವರು ಎದ್ದು ಬಂದು ಶಟರ್ ಎತ್ತಿದರು. ಬಸ್ತಿಯ ಹುಡುಗನೊಬ್ಬ ಸೊಂಟದವರೆಗಿನ ನೀರಲ್ಲಿ ಹಾಲಿನ ಪುಡಿಯ ಡಬ್ಬಿ ತಲೆ ಮೇಲೆ ಹೊತ್ತು ತಂದ. ಕೂಸು ಕುಡಿದು ಮಲಗಿತು. ಅಕ್ಕ ಮಾತ್ರ ಬೆಳಗಿನವರೆಗೆ ಕಣ್ಣು ಮುಚ್ಚಲಿಲ್ಲ. ಪ್ರತಿ ಕೋಣೆಗೆ ಹೋಗಿ ಬರುತ್ತಿದ್ದರು, ನೋಟುಬುಕ್ಕು ಕಂಕುಳಲ್ಲಿ.

ಬೆಳಿಗ್ಗೆ ಒಂದು ಗುಂಪಿನವರು ಬ್ಯಾನರ್ ಹಿಡಿದು ಬಂದರು. ಪೊಟ್ಟಣ ಕೊಡುವ ಮುಂಚೆ ಒಬ್ಬೊಬ್ಬರನ್ನೂ ನಿಲ್ಲಿಸಿ ಫೋಟೋ ತೆಗೆಯಲು ಶುರು ಮಾಡಿದರು. ಒದ್ದೆ ಬಟ್ಟೆಯಲ್ಲಿ ನಿಂತಿದ್ದ ಹೆಂಗಸರು ಸೆರಗು ಎಳೆದುಕೊಂಡು ಮುಖ ತಿರುಗಿಸಿದರು. ಅಕ್ಕ ಮುಂದೆ ಬಂದು ಮೆತ್ತಗೆ ಹೇಳಿದರು: “ಹೆಸರು ಬರ್ಕೋರಿ ಸಾಹೇಬ್ರ, ಮಾರಿ ಫೋಟೋ ಬ್ಯಾಡ್ರಿ.” ಅವರು ಫೋನ್ ಕೆಳಗಿಳಿಸಿದರು.

ಅವತ್ತಿಂದ ನಮ್ಮ ಜಾಲದಲ್ಲಿ ಯಾರ ಮುಖದ ಫೋಟೋವೂ ಹಾಕುವ ಹಾಗಿಲ್ಲ. ದಾನಿಗಳಿಗೆ ಲೆಕ್ಕ ಬೇಕು, ಒಪ್ಪುತ್ತೇನೆ. ಬಿಲ್ಲು ಕೊಡುತ್ತೇವೆ, ಮುಟ್ಟಿದೆ ಅಂತ ಪಡೆದವರ ದನಿಯಲ್ಲೇ ಒಂದು ಸಂದೇಶ ಕೊಡುತ್ತೇವೆ. ಕಷ್ಟದಲ್ಲಿರುವವರ ಮುಖ ಕೊಡುವುದಿಲ್ಲ. ಇದನ್ನು ಕೇಳಿ ಹಿಂದೆ ಸರಿದ ಗುಂಪುಗಳೂ ಇವೆ. ಇದರಲ್ಲಿ ನಾನು ಬಗ್ಗುವುದಿಲ್ಲ.

ಅಕ್ಕನ ನೋಟುಬುಕ್ಕಿನ ಗುರುತುಗಳೇ ಈಗ ನಮ್ಮ ಆ್ಯಪ್‌ನ ಮೊದಲ ಪುಟ. ಮೊದಲು ಅಲ್ಲಿ ಉದ್ದದ ಫಾರಂ ಇತ್ತು. ಓದಲು ಬಾರದವರು ಪಕ್ಕದ ಮನೆಯ ಹುಡುಗರನ್ನು ಕಾಯಬೇಕಿತ್ತು. ಈಗ ಸೊನ್ನೆ, ಗೆರೆ, ಚುಕ್ಕೆ ಒತ್ತಿದರೆ ಸಾಕು. ಉಳಿದದ್ದನ್ನು ಕನ್ನಡ, ಮರಾಠಿ, ಹಿಂದಿ, ಯಾವುದರಲ್ಲಾದರೂ ಬಾಯಲ್ಲಿ ಹೇಳಬಹುದು. ಪುಣೆಯ ಹುಡುಗರು ಅಕ್ಕನ ಮುಂದೆ ಕೂತು ಒಂದೊಂದು ಗುರುತನ್ನೂ ಕೇಳಿ ಕೇಳಿ ಬರೆದದ್ದು ಇದು. ಅವರ ತಾಳ್ಮೆಗೂ ನಮಸ್ಕಾರ.

ನೀರು ಇಳಿದ ಮೇಲೆ ಇಲಿಜ್ವರದ ಭಯ ಇತ್ತು. ಗಾಯದ ಕಾಲಲ್ಲಿ ಆ ಕೊಳೆ ನೀರು ತುಳಿದವರು ಎಷ್ಟೋ ಜನ. ಜಾಲದ ಮೂಲಕವೇ ಬಂದು ಬಸ್ತಿಯಲ್ಲಿ ಜ್ವರ ತಪಾಸಣೆ ಮಾಡಿ, ಮಾತ್ರೆ ಕೊಟ್ಟು ಹೋದ ಡಾಕ್ಟರುಗಳಿಗೆ ಹೇಳಿದಷ್ಟೂ ಕಡಿಮೆಯೇ.

ಒಂದು ಟ್ರಸ್ಟಿನವರು ಈಗ ಅಕ್ಕನಂಥವರಿಗೆ ಫೋನ್ ರೀಚಾರ್ಜ್ ಮತ್ತು ತಿಂಗಳಿಗೆ ಸ್ವಲ್ಪ ಗೌರವಧನ ಕೊಡಲು ಒಪ್ಪಿದ್ದಾರೆ. ಕೂಲಿ ಬಿಟ್ಟು ಮನೆ ಮನೆ ಸುತ್ತುವವರಿಗೆ ಬರೀ ಹೊಗಳಿಕೆ ಕೊಟ್ಟರೆ ಸಾಲದು ಅಂತ ಮೊದಲಿಂದಲೂ ಹೇಳುತ್ತಾ ಬಂದಿದ್ದೆ. ಆ ಟ್ರಸ್ಟಿನವರಿಗೂ ದೊಡ್ಡ ನಮಸ್ಕಾರ.

ಮುಂದಿನ ಮಳೆಗಾಲದೊಳಗೆ ಮಿಠಿ ದಂಡೆಯ ಇನ್ನಷ್ಟು ಗಲ್ಲಿಗಳಲ್ಲಿ ಖಾತ್ರಿ ಮಾಡುವವರು ಇರಬೇಕು ಅಂತ ಆಸೆ. ಭಾನುವಾರ ಬೆಳಿಗ್ಗೆ ಹೊಸಬರಿಗೆ ಹೇಳಿಕೊಡುವವರು ಅಕ್ಕನೇ. ರಾತ್ರಿ ಫೋನ್ ಎತ್ತುವವರು ನಮಗೆ ಇನ್ನೂ ಕಡಿಮೆ ಇದ್ದಾರೆ. ವಾರಕ್ಕೆ ಒಂದು ರಾತ್ರಿ ಕೊಡಬಲ್ಲವರು ದಯವಿಟ್ಟು ಬನ್ನಿ, ಅಕ್ಕನ ಜೊತೆ ಕೂತು ಕಲಿಯಿರಿ.